ಪಕ್ಕದ ಸೀಟಿನ ಗೆಲುವು

ಫಾರ್ಮುಲಾ ಒನ್ ವಿಶ್ವ ಚಾಂಪಿಯನ್‌ಷಿಪ್ ರೇಸ್ ಗೆದ್ದವರಲ್ಲಿ ಎಲ್ಲರಿಗಿಂತ ಹಿರಿಯ ಯಾರು ಅಂತ ಯಾವುದಾದರೂ ಕ್ವಿಜ್‌ನಲ್ಲಿ ಕೇಳಿದರೆ ಉತ್ತರ ಲುಯಿಜಿ ಫಾಜಿಯೋಲಿ. ಇಟಲಿಯವರು. 1951ರ ಜುಲೈ 1ರಂದು ಫ್ರಾನ್ಸಿನ ರೀಮ್ಸ್‌ನಲ್ಲಿ ಗೆದ್ದಾಗ ಅವರಿಗೆ 53 ವರ್ಷ. ಎಪ್ಪತ್ತು ವರ್ಷ ದಾಟಿದರೂ ದಾಖಲೆ ಹಾಗೇ ಇದೆ, ಇನ್ನು ಮುರಿಯುವ ಲಕ್ಷಣವೂ ಇಲ್ಲ. ಆದರೆ ಒಂದು ವಿಷಯ ಇದೆ. ಆ ದಿನ ಗೆಲುವಿನ ಗೆರೆ ದಾಟಿದ ಕಾರಿನಲ್ಲಿ ಫಾಜಿಯೋಲಿ ಇರಲೇ ಇಲ್ಲ.

ನಡೆದಿದ್ದು ಇಷ್ಟು. ಆಲ್ಫಾ ರೋಮಿಯೊ ತಂಡದ ದೊಡ್ಡ ಹೆಸರು ಅರ್ಜೆಂಟೀನಾದ ಹುವಾನ್ ಮ್ಯಾನುಯೆಲ್ ಫ್ಯಾಂಜಿಯೊ. ಅವರ ಕಾರು ರೇಸಿನ ಮಧ್ಯೆ ಕೈಕೊಟ್ಟಿತು. ಫಾಜಿಯೋಲಿ ಚಕ್ರ, ಪೆಟ್ರೋಲು ಅಂತ ಪಿಟ್‌ಗೆ ಬಂದರು. ತಂಡದವರು ಹೇಳಿದರು: ಇಳಿ, ಕಾರು ಫ್ಯಾಂಜಿಯೊಗೆ ಕೊಡು. ಆಗಿನ ನಿಯಮದಲ್ಲಿ ಹಾಗೆ ಮಾಡಬಹುದಿತ್ತು. ಫ್ಯಾಂಜಿಯೊ ಆ ಕಾರು ಓಡಿಸಿ ಗೆದ್ದರು. ಫಾಜಿಯೋಲಿ ಅವರ ಕೆಟ್ಟ ಕಾರಿನಲ್ಲಿ ಕೂತು ಉಳಿದ ಸುತ್ತು ಮುಗಿಸಿದರು. ದಾಖಲೆ ಪುಸ್ತಕ ತೆಗೆದು ನೋಡಿ, ತಮಾಷೆ ಕಾಣುತ್ತದೆ: ಒಂದನೇ ಸ್ಥಾನ, ಫಾಜಿಯೋಲಿ ಮತ್ತು ಫ್ಯಾಂಜಿಯೊ. ಹನ್ನೊಂದನೇ ಸ್ಥಾನ, ಫ್ಯಾಂಜಿಯೊ ಮತ್ತು ಫಾಜಿಯೋಲಿ. ಒಬ್ಬನೇ ಮನುಷ್ಯ, ಒಂದೇ ರೇಸು, ಎರಡು ಸ್ಥಾನ. ಗೆಲುವಿಗಿದ್ದ 8 ಅಂಕವನ್ನು ನಾಲ್ಕು ನಾಲ್ಕು ಅಂತ ಹಂಚಿದರು.

ಲೆಕ್ಕದಲ್ಲಿ ಅನ್ಯಾಯ ಆಗಿಲ್ಲ ಅಲ್ವಾ? ಅಂಕ ಸಿಕ್ಕಿತು, ಹೆಸರು ಸಿಕ್ಕಿತು, ಯಾರೂ ಮುರಿಯಲಾಗದ ದಾಖಲೆಯೂ ಸಿಕ್ಕಿತು. ಆದರೆ ಫಾಜಿಯೋಲಿ ಸಿಟ್ಟಿನಿಂದ ಹೊರಟುಹೋದವರು ಮತ್ತೆ ಫಾರ್ಮುಲಾ ಒನ್ ರೇಸಿಗೆ ಬರಲಿಲ್ಲ. ಮರುವರ್ಷ ಮೊನಾಕೊದಲ್ಲಿ ಬೇರೊಂದು ಬಗೆಯ ಕಾರು ಅಭ್ಯಾಸ ಮಾಡುವಾಗ ಅಪಘಾತವಾಗಿ, ಕೆಲವು ವಾರಗಳ ನಂತರ ತೀರಿಕೊಂಡರು.

ನಾನು ಕೆಲವು ವಾರಗಳಿಂದ ಈ ಸಿಟ್ಟಿನ ಬಗ್ಗೆ ಯೋಚನೆ ಮಾಡುತ್ತಿದ್ದೇನೆ. ಎಲ್ಲ ಕೊಟ್ಟರೂ ಯಾಕೆ ಆ ಮನುಷ್ಯನಿಗೆ ಸಾಕಾಗಲಿಲ್ಲ? ಗೆಲುವಿನಲ್ಲಿ ಅಂಕ, ಹೆಸರು, ದುಡ್ಡು ಬಿಟ್ಟರೆ ಇನ್ನೇನಿರುತ್ತದೆ? ಯೋಚನೆಗೆ ಕಾರಣ ರೇಸಲ್ಲ, ನಮ್ಮ ಆಫೀಸಿನ ಅಪ್ರೈಸಲ್ ಫಾರ್ಮು. ಅದರ ಕಥೆ ಮುಂದೆ ಹೇಳ್ತೇನೆ, ಮೊದಲು ಸ್ವಲ್ಪ ಘಟ್ಟ ಇಳಿಯೋಣ.

ನಮ್ಮೂರು ಸಿದ್ದಾಪುರದ ಹತ್ತಿರ, ಪಿಯುಸಿ ಓದಿದ್ದು ಶಿರಸಿಯಲ್ಲಿ, ರಜೆ ಬಂದರೆ ಯಲ್ಲಾಪುರದ ಅತ್ತೆ ಮನೆ. ಅತ್ತೆ ಮನೆ ಪಕ್ಕ ಒಬ್ಬರು ಲಾರಿ ಡ್ರೈವರ್ ಇದ್ದರು. ಬೇಲೇಕೇರಿ ಬಂದರಿಗೆ ಅದಿರು ಹೋಗುತ್ತಿದ್ದ ಕಾಲ ಅದು. ಹೊಸಪೇಟೆ ಕಡೆಯಿಂದ ಬಂದ ಲಾರಿಗಳು ಅರಬೈಲ್ ಘಟ್ಟದಲ್ಲಿ ಇರುವೆ ಸಾಲಿನಂತೆ ಇಳಿಯುತ್ತಿದ್ದವು. ಮಳೆಗಾಲದಲ್ಲಿ ಆ ಘಟ್ಟದ ತಿರುವಿನಲ್ಲಿ ಮಂಜು ಕೂತರೆ ಮುಂದಿನ ಲಾರಿಯ ಹಿಂದಿನ ಕೆಂಪು ದೀಪವೂ ಕಾಣಿಸದು. ಆಗ ಎಡಗಡೆ ಬಾಗಿಲಿಗೆ ಜೋತು ಬಿದ್ದು, ಕತ್ತು ಹೊರಗೆ ಹಾಕಿ, ಬಾಗಿಲು ಬಡಿಯುತ್ತ ದಾರಿ ಹೇಳುತ್ತಿದ್ದವನು ಕ್ಲೀನರ್. ಒಂದು ಬಡಿತಕ್ಕೆ ನಿಲ್ಲು, ಎರಡಕ್ಕೆ ಹೋಗು. ಏರಿನಲ್ಲಿ ಲಾರಿ ನಿಂತರೆ ಹಾರಿ ಇಳಿದು ಚಕ್ರದ ಹಿಂದೆ ಕಲ್ಲು ಇಡುವವನೂ ಅವನೇ. "ಅರಬೈಲು ಇಳಿಸಿ ಬಂದೆ" ಅಂತ ಮಾತ್ರ ಡ್ರೈವರ್ ಹೇಳುತ್ತಿದ್ದರು. ಕ್ಲೀನರ್ ಹುಡುಗ ಅಷ್ಟು ಹೊತ್ತಿಗೆ ಬಾವಿಕಟ್ಟೆಯಲ್ಲಿ ಕೈಕಾಲು ತೊಳೆಯುತ್ತಿರುತ್ತಿದ್ದ. ಅವನ ಹೆಸರು ನನಗೆ ಆಗಲೂ ಗೊತ್ತಿರಲಿಲ್ಲ. "ಕ್ಲೀನರ್" ಅಂದರೆ ಸಾಕಿತ್ತು. ಡ್ರೈವರ್ ಕೆಟ್ಟವರಾಗಿರಲಿಲ್ಲ, ಊಟಕ್ಕೆ ಪಕ್ಕದಲ್ಲೇ ಕೂರಿಸಿಕೊಳ್ಳುತ್ತಿದ್ದರು. ಕನ್ನಡದಲ್ಲಿ "ಇಳಿಸಿ ಬಂದೆ" ಅನ್ನುವ ಕ್ರಿಯಾಪದಕ್ಕೆ ಕರ್ತೃ ಒಬ್ಬನೇ ಸಾಕು, ಅಷ್ಟೇ.

ರ‍್ಯಾಲಿ ಅಂತ ಒಂದು ಬಗೆಯ ಕಾರು ರೇಸು ಇದೆ. ಚಿಕ್ಕಮಗಳೂರಿನ ಕಾಫಿ ಎಸ್ಟೇಟಿನ ಮಣ್ಣು ರಸ್ತೆಗಳಲ್ಲಿ ರಾಷ್ಟ್ರೀಯ ಚಾಂಪಿಯನ್‌ಷಿಪ್ಪಿನ ಸುತ್ತುಗಳು ನಡೆಯುತ್ತವೆ, ನಿಮ್ಮಲ್ಲಿ ಕೆಲವರು ವೀಕೆಂಡಿಗೆ ಹೋಂಸ್ಟೇ ಬುಕ್ ಮಾಡಿ ಈ ಗದ್ದಲಕ್ಕೆ ಸಿಕ್ಕಿಬಿದ್ದಿರಲೂ ಬಹುದು. ಇಲ್ಲಿ ಕಾರುಗಳು ಅಕ್ಕಪಕ್ಕ ಓಡುವುದಿಲ್ಲ. ಒಂದರ ಹಿಂದೆ ಒಂದು, ಗಡಿಯಾರದ ವಿರುದ್ಧ ಓಡುತ್ತವೆ. ಪ್ರತಿ ಕಾರಿನಲ್ಲೂ ಇಬ್ಬರು. ಓಡಿಸುವವನು ಮತ್ತು ದಾರಿ ಹೇಳುವವನು. ರೇಸಿಗೆ ಮೊದಲೇ ಇಬ್ಬರೂ ಆ ರಸ್ತೆಯಲ್ಲಿ ನಿಧಾನವಾಗಿ ಓಡಾಡಿ ಪ್ರತಿ ತಿರುವನ್ನೂ ಬರೆದುಕೊಳ್ಳುತ್ತಾರೆ. ರೇಸಿನ ದಿನ ಪಕ್ಕದವನು ಅದನ್ನು ಓದುತ್ತಾನೆ: ಎಡ ಮೂರು, ಐವತ್ತು, ದಿಬ್ಬ, ಬಲ ಐದು. ಅಂದರೆ ಇಂಥ ಕಡಿದಾದ ಎಡ ತಿರುವು, ಐವತ್ತು ಮೀಟರ್ ನೇರ, ಆಚೆ ಏನೂ ಕಾಣದ ದಿಬ್ಬ, ಅದರ ಬೆನ್ನಿಗೆ ಬಲ ತಿರುವು. ದಿಬ್ಬದ ಆಚೆ ರಸ್ತೆ ಕಣ್ಣಿಗೆ ಕಾಣುವ ಮೊದಲೇ ಡ್ರೈವರ್ ಕಾರು ತಿರುಗಿಸಿ ಆಗಿರುತ್ತದೆ. ಅವನು ನೋಡಿ ಓಡಿಸುವುದಲ್ಲ, ಕೇಳಿ ಓಡಿಸುವುದು. ಒಂದು ಸಾಲು ತಪ್ಪಿ ಓದಿದರೆ ಕಾರು ಮರಕ್ಕೆ. ಸಮಯದ ಲೆಕ್ಕವೂ ಪಕ್ಕದವನದೇ. ವಿಶ್ವ ರ‍್ಯಾಲಿಯಲ್ಲಿ ಚೆಕ್‌ಪೋಸ್ಟಿಗೆ ಒಂದು ನಿಮಿಷ ತಡವಾಗಿ ಬಂದರೆ 10 ಸೆಕೆಂಡು ದಂಡ, ಒಂದು ನಿಮಿಷ ಬೇಗ ಬಂದರೆ ಪೂರ್ತಿ 1 ನಿಮಿಷ ದಂಡ. ಬೇಗ ಬಂದರೆ ಜಾಸ್ತಿ ದಂಡ ಅನ್ನುವುದನ್ನು ನಮ್ಮ ಸ್ಪ್ರಿಂಟ್ ಪ್ಲಾನಿಂಗಿಗೂ ತರಬೇಕು ಅಂತ ನನ್ನ ಆಸೆ, ಇರಲಿ.

ಪಕ್ಕದ ಸೀಟಿನ ಶಕ್ತಿ ಎಷ್ಟು ಅಂತ ಜಗತ್ತಿಗೆ ತೋರಿಸಿದ್ದು 1955ರ ಮಿಲೆ ಮಿಲಿಯಾ. ಇಟಲಿಯ ಸಾಮಾನ್ಯ ರಸ್ತೆಗಳಲ್ಲಿ ಸಾವಿರ ಮೈಲಿ, ಅಂದರೆ ಸುಮಾರು 1,600 ಕಿಲೋಮೀಟರ್ ಓಟ. ಇಂಗ್ಲೆಂಡಿನ ಸ್ಟರ್ಲಿಂಗ್ ಮಾಸ್ ಪಕ್ಕದಲ್ಲಿ ಕೂತವರು ಡೆನಿಸ್ ಜೆಂಕಿನ್ಸನ್, ಗಡ್ಡದ ಪತ್ರಕರ್ತ. ರಸ್ತೆಯನ್ನೆಲ್ಲ ಮೊದಲೇ ಸುತ್ತಿ ತಿರುವುಗಳ ಟಿಪ್ಪಣಿ ಮಾಡಿ, ಹದಿನೇಳು ಹದಿನೆಂಟು ಅಡಿ ಉದ್ದದ ಕಾಗದದ ಸುರುಳಿಯಲ್ಲಿ ಬರೆದು, ಅದನ್ನು ಅಲ್ಯೂಮಿನಿಯಂ ಡಬ್ಬದಲ್ಲಿ ಕೂರಿಸಿ ತಿರುಗಿಸುತ್ತ ಹೋದರು. ಇಂಜಿನ್ ಸದ್ದಿಗೆ ಮಾತು ಕೇಳುತ್ತಿರಲಿಲ್ಲ, ಅದಕ್ಕೆ ಕೈಸನ್ನೆ. 10 ಗಂಟೆ 7 ನಿಮಿಷ 48 ಸೆಕೆಂಡಿನಲ್ಲಿ ಗೆದ್ದರು. ಎರಡನೆಯವರು ಬಂದಿದ್ದು ಅರ್ಧ ಗಂಟೆಗೂ ಹೆಚ್ಚು ಹಿಂದೆ. ಆ ಎರಡನೆಯವರು ಯಾರು ಗೊತ್ತಾ? ಅದೇ ಫ್ಯಾಂಜಿಯೊ. ಅವರ ಕಾರಿನ ಇಂಜಿನ್ನಿಗೆ ತೊಂದರೆ ಇತ್ತು, ಅದನ್ನೂ ಹೇಳಬೇಕು. ಆದರೆ ಆ ಕಾಲದ ಅತಿ ದೊಡ್ಡ ಡ್ರೈವರ್ ಅವತ್ತು ಒಬ್ಬರೇ ಓಡಿಸಿದ್ದರು, ಪಕ್ಕದ ಸೀಟು ಖಾಲಿ ಇತ್ತು ಅನ್ನುವುದು ನನಗೆ ಮರೆಯುವುದಿಲ್ಲ.

ನಮ್ಮ ಕಡೆಯ ಉದಾಹರಣೆಗೆ ಬರೋಣ. ಭಾರತದ ರ‍್ಯಾಲಿ ಅಂದರೆ ಮೊದಲು ಬರುವ ಹೆಸರು ದಿಲ್ಲಿಯ ಗೌರವ್ ಗಿಲ್. ಏಷ್ಯಾ ಪೆಸಿಫಿಕ್ ರ‍್ಯಾಲಿ ಚಾಂಪಿಯನ್‌ಷಿಪ್ಪನ್ನು 2013, 2016, 2017ರಲ್ಲಿ ಗೆದ್ದವರು. 2019ರಲ್ಲಿ ಅರ್ಜುನ ಪ್ರಶಸ್ತಿ ಬಂತು, ಮೋಟಾರು ಕ್ರೀಡೆಗೆ ಸಿಕ್ಕ ಮೊದಲ ಅರ್ಜುನ. ಇದು ನನ್ನ ಜೊತೆ ಕೆಲಸ ಮಾಡುವ ಕಾರು ಹುಚ್ಚರಿಗೆಲ್ಲ ಗೊತ್ತು. ದೇಶದೊಳಗಿನ ರಾಷ್ಟ್ರೀಯ ರ‍್ಯಾಲಿಗಳಲ್ಲಿ ಗಿಲ್ ಗೆದ್ದ ಎಷ್ಟೋ ಸಲ ಪಕ್ಕದಲ್ಲಿ ಕೂತು ಓದುತ್ತಿದ್ದವರು ಯಾರು ಅಂತ ಕೇಳಿದೆ. ಒಬ್ಬರಿಗೂ ಗೊತ್ತಿಲ್ಲ. ಕಾಸರಗೋಡು ಜಿಲ್ಲೆಯ ಮೂಸಾ ಶರೀಫ್. ಎರಡು ದಶಕಕ್ಕೂ ಹೆಚ್ಚು ಕಾಲ, ಬೇರೆ ಬೇರೆ ಡ್ರೈವರುಗಳ ಪಕ್ಕದಲ್ಲಿ ಕೂತು, ಅದೇ ಎಡ ಮೂರು ಬಲ ಐದು ಓದುತ್ತ ಬಂದವರು. ನಮ್ಮ ಪಕ್ಕದ ಮನೆಯವರು ಅನ್ನಬಹುದಾದಷ್ಟು ಹತ್ತಿರದವರು. ಮಂಗಳೂರು ದಾಟಿದರೆ ಕಾಸರಗೋಡು, ಅಲ್ಲಿನ ಕುಂಬಳೆ ನಮ್ಮ ಯಕ್ಷಗಾನದ ಪಾರ್ತಿಸುಬ್ಬನ ಊರು. ನಾವು ವಿಶ್ವಕಪ್ಪಿನ ಹನ್ನೆರಡನೇ ಆಟಗಾರನ ಹೆಸರನ್ನೂ ನೆನಪಿಡುವ ಜನ, ಇವರ ಹೆಸರು ಗೊತ್ತಿಲ್ಲ.

ಪ್ರಶಸ್ತಿಯ ಹೆಸರು "ಅರ್ಜುನ" ಅನ್ನುವುದು ನನಗೆ ಬಹಳ ವಿಚಿತ್ರವಾಗಿ ಕಾಣುತ್ತದೆ. ಒಂದೇ ರಥದಲ್ಲಿ ಇಬ್ಬರು ಕೂತು ಗೆದ್ದ ಕಥೆಗೆ ನಮ್ಮಲ್ಲಿ ಅರ್ಜುನನಿಗಿಂತ ದೊಡ್ಡ ಉದಾಹರಣೆ ಉಂಟಾ? ಅರ್ಜುನನ ಎರಡು ಸಾರಥ್ಯದ ಕಥೆಗಳಲ್ಲಿ ಕುರುಕ್ಷೇತ್ರದ್ದು ಎಲ್ಲರಿಗೂ ಗೊತ್ತು. ಇನ್ನೊಂದು ವಿರಾಟ ಪರ್ವದ್ದು. "ಉತ್ತರನ ಪೌರುಷ" ಅಂತ ನಾವು ಬೈಗುಳ ಮಾಡಿಕೊಂಡಿರುವ ಉತ್ತರಕುಮಾರ ಬೃಹನ್ನಳೆಯನ್ನು ಸಾರಥಿ ಮಾಡಿಕೊಂಡು ಯುದ್ಧಕ್ಕೆ ಹೋಗುತ್ತಾನೆ, ಕೌರವರ ಸೈನ್ಯ ನೋಡಿ ರಥದಿಂದ ಹಾರಿ ಓಡುತ್ತಾನೆ. ಬೃಹನ್ನಳೆ ಹಿಡಿದು ತಂದು ಸೀಟು ಬದಲಿಸುತ್ತಾಳೆ. ಉತ್ತರ ಸಾರಥಿ, ಅರ್ಜುನ ಬಿಲ್ಲುಗಾರ. ಇದಕ್ಕಿಂತ ಶುದ್ಧವಾದ ಡ್ರೈವರ್ ಬದಲಾವಣೆ ಫಾರ್ಮುಲಾ ಒನ್‌ನಲ್ಲೂ ಆಗಿಲ್ಲ. ಇತ್ತ ಅರಮನೆಯಲ್ಲಿ ವಿರಾಟರಾಜ ಮಗ ಗೆದ್ದ ಅಂತ ಊರೆಲ್ಲ ಸಿಂಗಾರ ಮಾಡಿಸುತ್ತಾನೆ. ಎದುರು ಪಗಡೆ ಆಡುತ್ತ ಕೂತ ಕಂಕಭಟ್ಟ, ಬೃಹನ್ನಳೆ ಸಾರಥಿಯಾಗಿರುವಾಗ ಗೆಲ್ಲದೇ ಇರುತ್ತಾನಾ ಅಂತಾನೆ. ರಾಜನಿಗೆ ಸಿಟ್ಟು ಬಂದು ದಾಳ ಮುಖಕ್ಕೆ ಎಸೆಯುತ್ತಾನೆ, ಧರ್ಮರಾಜನ ಮೂಗಲ್ಲಿ ರಕ್ತ. ನೋಡಿ, ಪಕ್ಕದ ಸೀಟಿನವರ ಹೆಸರು ಹೇಳಿದ್ದಕ್ಕೆ ಬಿದ್ದ ಏಟು ಅದು.

ನನಗೆ ಈ ಕಥೆಯಲ್ಲಿ ಉತ್ತರನೇ ಇಷ್ಟ. ಅವನು ವಾಪಸು ಬಂದಾಗ ಅಪ್ಪ ಹೊಗಳುತ್ತಿರುವಾಗ, ಗೆದ್ದಿದ್ದು ನಾನಲ್ಲ, ಒಬ್ಬ ದೇವಕುಮಾರ ಬಂದು ಗೆಲ್ಲಿಸಿದ ಅಂತ ಹೇಳುತ್ತಾನೆ. ಗುಟ್ಟು ಬಿಟ್ಟುಕೊಡುವ ಹಾಗಿಲ್ಲ, ಸುಳ್ಳು ಗೆಲುವು ತಗೊಳ್ಳುವ ಹಾಗೂ ಇಲ್ಲ. ಎರಡರ ಮಧ್ಯೆ ದಾರಿ ಮಾಡಿಕೊಂಡ. ಒಲೆ ಮುಂದಿನ ಪೌರುಷದವನು ಅಂತ ಸಾವಿರ ವರ್ಷ ಹಾಸ್ಯ ಮಾಡಿದೆವು, ಈ ಒಂದು ಮಾತು ಯಾರೂ ನೆನಪು ಮಾಡಿಕೊಳ್ಳುವುದಿಲ್ಲ.

ಯಕ್ಷಗಾನದವರು ಈ ವಿಷಯದಲ್ಲಿ ನಮಗಿಂತ ವಾಸಿ. ಶಿರಸಿ ಬಸ್‌ಸ್ಟ್ಯಾಂಡಿನ ಗೋಡೆಗೆ ಅಂಟಿಸಿದ ಆಟದ ಪೋಸ್ಟರ್ ನೆನಪು ಮಾಡಿಕೊಳ್ಳಿ. ಸಾಮಾನ್ಯವಾಗಿ ಮೊದಲು ಹಿಮ್ಮೇಳ: ಭಾಗವತರು, ಮದ್ದಳೆ, ಚಂಡೆ. ಆಮೇಲೆ ಮುಮ್ಮೇಳ. ಜನ ಶಿಳ್ಳೆ ಹೊಡೆಯುವುದು ವೇಷಕ್ಕೆ, ಆದರೆ ವೇಷವನ್ನು ಕುಣಿಸುವುದು ಭಾಗವತರು ಅಂತ ಆ ಕಲೆಗೆ ಗೊತ್ತಿದೆ. ಶಿರಸಿ ತಾಲ್ಲೂಕಿನ ನೆಬ್ಬೂರು ನಾರಾಯಣ ಭಾಗವತರನ್ನು ಬಿಟ್ಟು ಕೆರೆಮನೆಯವರ ಆಟದ ಮಾತಾಡುವವರು ನಮ್ಮಲ್ಲಿ ಯಾರೂ ಇಲ್ಲ. ಕಂಬಳದಲ್ಲಿ ಇನ್ನೊಂದು ಬಗೆ. ಅಲ್ಲಿ ಗೆದ್ದಿದ್ದು ಅಂತ ಕೂಗುವುದು ಕೋಣದ ಯಜಮಾನರ ಹೆಸರು. 2020ರ ಫೆಬ್ರವರಿಯಲ್ಲಿ ಐಕಳದಲ್ಲಿ 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದ ಶ್ರೀನಿವಾಸ ಗೌಡರನ್ನು ಉಸೇನ್ ಬೋಲ್ಟ್ ಅಂತ ಇಡೀ ದೇಶ ಹೊತ್ತು ಕುಣಿಯಿತು, ಕೇಂದ್ರ ಕ್ರೀಡಾ ಸಚಿವರು ಟ್ರಯಲ್ಸಿಗೆ ಕರೆದರು. ಅವರು ಮಾತ್ರ ಕೋಣಗಳ ಹೆಸರು ತೆಗೆದರು. ಕೆಲವೇ ದಿನಗಳಲ್ಲಿ ವೇಣೂರಿನಲ್ಲಿ ಬಜಗೋಳಿಯ ನಿಶಾಂತ್ ಶೆಟ್ಟಿ 143 ಮೀಟರನ್ನು 13.61 ಸೆಕೆಂಡಿನಲ್ಲಿ ಓಡಿದರು, ಅಂದರೆ ಇನ್ನೂ ವೇಗ. ಆ ಹೆಸರು ನಿಮ್ಮಲ್ಲಿ ಎಷ್ಟು ಜನ ಕೇಳಿದ್ದೀರಿ?

ಇಷ್ಟಕ್ಕೇ ನಿಲ್ಲಿಸಿದರೆ ಇದು "ಎಲ್ಲರ ಹೆಸರೂ ಹೇಳಬೇಕು" ಅನ್ನುವ ಶಾಲಾ ವಾರ್ಷಿಕೋತ್ಸವದ ವಂದನಾರ್ಪಣೆ ಆಗುತ್ತದೆ. ಹಾಗಲ್ಲ. ಎದುರು ವಾದ ಗಟ್ಟಿ ಇದೆ. ಸ್ಟಿಯರಿಂಗ್ ಹಿಡಿದವನು ತಪ್ಪು ಮಾಡಿದರೆ ಬೈಗುಳ ಅವನಿಗೆ, ಆದ್ದರಿಂದ ಗೆಲುವೂ ಅವನದೇ ಅನ್ನುವುದು ಆ ವಾದ. ಹೊಣೆ ಯಾರದೋ ಫಲ ಅವರದು. ಮೇಲ್ನೋಟಕ್ಕೆ ನ್ಯಾಯವೇ. ಆದರೆ ರ‍್ಯಾಲಿಯಲ್ಲಿ ಈ ಲೆಕ್ಕ ಕೂಡುವುದಿಲ್ಲ, ಯಾಕೆಂದರೆ ಮರಕ್ಕೆ ಗುದ್ದುವುದು ಇಬ್ಬರೂ ಕೂತ ಕಾರು. 2005ರ ಸೆಪ್ಟೆಂಬರಿನಲ್ಲಿ ಬ್ರಿಟನ್ನಿನ ವೇಲ್ಸ್ ರ‍್ಯಾಲಿಯಲ್ಲಿ ಎಸ್ಟೋನಿಯಾದ ಮಾರ್ಕೊ ಮಾರ್ಟಿನ್ ಓಡಿಸುತ್ತಿದ್ದ ಕಾರು ಮರಕ್ಕೆ ಬಡಿಯಿತು. ಬಡಿದದ್ದು ಪಕ್ಕದ ಸೀಟಿನ ಕಡೆ. ಓದುತ್ತಿದ್ದ ಮೈಕಲ್ ಪಾರ್ಕ್ ತೀರಿಕೊಂಡರು. ಉಳಿದ ಓಟ ರದ್ದಾಯಿತು. ಆಗ ಮುಂದಿದ್ದವರು ಫ್ರಾನ್ಸಿನ ಸೆಬಾಸ್ಟಿಯನ್ ಲೋಬ್. ಹಾಗೇ ಬಿಟ್ಟಿದ್ದರೆ ರ‍್ಯಾಲಿ ಅವರದು, ಆ ವರ್ಷದ ವಿಶ್ವ ಪ್ರಶಸ್ತಿಯೂ ಅಲ್ಲೇ ಅವರದು. ಲೋಬ್ ಬೇಕೆಂದೇ ಸಮಯದ ದಂಡ ಹಾಕಿಸಿಕೊಂಡು ಮೂರನೇ ಸ್ಥಾನಕ್ಕೆ ಇಳಿದರು. ಇಂಥ ದಿನ ಗೆದ್ದು ಚಾಂಪಿಯನ್ ಆಗುವುದು ಬೇಡ ಅಂತ. ಗೆಲುವು ನಾರ್ವೆಯ ಪೀಟರ್ ಸೋಲ್‌ಬರ್ಗ್ ಹೆಸರಿಗೆ ಹೋಯಿತು. ದಾಖಲೆಯಲ್ಲಿ ಅದೂ ಒಂದು ಗೆಲುವೇ. ಆ ಗೆಲುವನ್ನು ಯಾರು ತಾನೇ ಮನೆಗೆ ಹೊತ್ತುಕೊಂಡು ಹೋಗುತ್ತಾರೆ?

ಒಂದು ಮಾತು ಹೇಳಬೇಕು. ವಿಶ್ವ ರ‍್ಯಾಲಿಯಲ್ಲಿ ಪಕ್ಕದವರಿಗೂ ಪ್ರತ್ಯೇಕ ವಿಶ್ವ ಪ್ರಶಸ್ತಿ ಇದೆ. ಲೋಬ್ ಒಂಬತ್ತು ಸಲ ಚಾಂಪಿಯನ್, ಪಕ್ಕದಲ್ಲಿ ಕೂತ ಡೇನಿಯಲ್ ಎಲೆನಾ ಕೂಡ ಒಂಬತ್ತು ಸಲ ಚಾಂಪಿಯನ್. ನಿಯಮ ಮರೆತಿಲ್ಲ, ಮರೆತಿದ್ದು ನಾವು. ಹಾಗಾಗಿ ಹೆಸರು ಬರೆದ ಮಾತ್ರಕ್ಕೆ ಪ್ರಶ್ನೆ ಮುಗಿಯುವುದಿಲ್ಲ. ಫಾಜಿಯೋಲಿಯ ಹೆಸರೂ ಬರೆದಿತ್ತಲ್ಲ.

ಹಾಗಾದರೆ ಫಾಜಿಯೋಲಿಗೆ ಏನು ಕಡಿಮೆಯಾಯಿತು? ಇದಕ್ಕೆ ಉತ್ತರ ಸಿಕ್ಕಿದ್ದು ಅದೇ ದಶಕದ ಇನ್ನೆರಡು ರೇಸುಗಳಲ್ಲಿ.

1956ರ ಸೆಪ್ಟೆಂಬರ್, ಇಟಲಿಯ ಮೊಂಜಾ. ವರ್ಷದ ಕೊನೆಯ ರೇಸು. ಫ್ಯಾಂಜಿಯೊ ಈಗ ಫೆರಾರಿಯಲ್ಲಿ. ಮತ್ತೆ ಅವರ ಕಾರು ಕೆಟ್ಟಿತು. (ಫ್ಯಾಂಜಿಯೊ ಕಾರುಗಳಿಗೆ ಸರಿಯಾದ ಸಮಯದಲ್ಲಿ ಕೆಡುವ ಒಳ್ಳೆಯ ಅಭ್ಯಾಸ ಇತ್ತು ಅನ್ನಿಸುತ್ತದೆ.) ಅದೇ ತಂಡದ ಇಂಗ್ಲಿಷ್ ಹುಡುಗ ಪೀಟರ್ ಕಾಲಿನ್ಸ್‌ಗೆ ಆಗ 24 ವರ್ಷ. ಲೆಕ್ಕಾಚಾರದಲ್ಲಿ ಅವರಿಗೂ ವಿಶ್ವ ಚಾಂಪಿಯನ್ ಆಗುವ ಅವಕಾಶ ಇನ್ನೂ ಉಳಿದಿತ್ತು. ಪಿಟ್‌ಗೆ ಬಂದ ಕಾಲಿನ್ಸ್ ಫ್ಯಾಂಜಿಯೊ ನಿಂತಿದ್ದು ನೋಡಿದರು, ಇಳಿದರು, ಕಾರು ಕೊಟ್ಟರು. ಫ್ಯಾಂಜಿಯೊ ಎರಡನೆಯವರಾಗಿ ಮುಗಿಸಿ ನಾಲ್ಕನೇ ಸಲ ವಿಶ್ವ ಚಾಂಪಿಯನ್ ಆದರು. ತಾನಿನ್ನೂ ಚಿಕ್ಕವನು, ಮುಂದೆ ಸಮಯ ಇದೆ ಅನ್ನುವುದು ಕಾಲಿನ್ಸ್ ಲೆಕ್ಕ. ಸಮಯ ಇರಲಿಲ್ಲ. 1958ರ ಆಗಸ್ಟಿನಲ್ಲಿ ಜರ್ಮನಿಯ ನ್ಯೂರ್‌ಬರ್ಗ್‌ರಿಂಗ್‌ನಲ್ಲಿ ಸತ್ತಾಗ ಅವರಿಗೆ 26. ಆದರೂ ರೇಸಿನ ಜಗತ್ತು ಕಾಲಿನ್ಸ್ ಬಗ್ಗೆ ಮಾತಾಡುವಾಗ "ಅಯ್ಯೋ ಪಾಪ, ಮೋಸ ಹೋದ" ಅನ್ನುವುದಿಲ್ಲ.

ಎರಡನೆಯದು 1957ರ ಜುಲೈ, ಇಂಗ್ಲೆಂಡಿನ ಏಂಟ್ರಿ. ಇದರ ನಾಯಕ ಟೋನಿ ಬ್ರೂಕ್ಸ್. ಇವರ ಹಿಂದಿನ ಕಥೆಯನ್ನು ಎಂಜಿನಿಯರಿಂಗ್ ಹಾಸ್ಟೆಲ್ಲಿನಲ್ಲಿ ಇದ್ದವರೆಲ್ಲ ಕೇಳಬೇಕು. 1955ರಲ್ಲಿ ಬ್ರೂಕ್ಸ್ ಮ್ಯಾಂಚೆಸ್ಟರಿನಲ್ಲಿ ದಂತವೈದ್ಯಕೀಯ ವಿದ್ಯಾರ್ಥಿ. ಸಿಸಿಲಿ ದ್ವೀಪದ ಸಿರಾಕ್ಯೂಸ್‌ಗೆ ರೇಸಿಗೆ ಅಂತ ಹೋಗುವಾಗ ವಿಮಾನದಲ್ಲಿ ಪರೀಕ್ಷೆಗೆ ಓದುತ್ತಾ ಹೋದರು. ಅಲ್ಲಿಯ ತನಕ ಫಾರ್ಮುಲಾ ಒನ್ ಕಾರು ಓಡಿಸಿದವರೇ ಅಲ್ಲ. ಕಾನಾಟ್ ಅನ್ನುವ ಸಣ್ಣ ಬ್ರಿಟಿಷ್ ಕಂಪನಿಯ ಕಾರಿನಲ್ಲಿ ಮಾಸೆರಾಟಿ ತಂಡವನ್ನು ಅವರ ನೆಲದಲ್ಲೇ ಸೋಲಿಸಿ, ವಾಪಸು ಬರುವಾಗ ಮತ್ತೆ ಪುಸ್ತಕ ತೆರೆದರು. ಚಾಂಪಿಯನ್‌ಷಿಪ್ಪಿಗೆ ಸೇರದ ರೇಸು ಅದು, ಇವತ್ತು ಯಾರಿಗೂ ನೆನಪಿಲ್ಲ.

ಏಂಟ್ರಿಯ ಹೊತ್ತಿಗೆ ಬ್ರೂಕ್ಸ್ ವ್ಯಾನ್‌ವಾಲ್ ತಂಡದಲ್ಲಿದ್ದರು. ಒಂದು ತಿಂಗಳ ಹಿಂದೆ ಲೆ ಮಾನ್ಸ್‌ನಲ್ಲಿ ಕಾರು ಮಗುಚಿ ಗಾಯವಾಗಿ, ಪೂರ್ತಿ ರೇಸು ಓಡಿಸುವ ಸ್ಥಿತಿಯಲ್ಲಿ ಇರಲಿಲ್ಲ. ಆದರೂ ಬಂದರು. ಮಾಸ್ ಕಾರಿಗೆ ಏನಾದರೂ ಆದರೆ ತನ್ನ ಕಾರು ಕೊಡುವುದು ಅಂತ ಮೊದಲೇ ಮಾತಾಗಿತ್ತು. ಹಾಗೇ ಆಯಿತು. ಮಾಸ್ ಕಾರು ಕೆಮ್ಮಲು ಶುರು ಮಾಡಿತು, 26 ಸುತ್ತು ಓಡಿಸಿದ್ದ ಬ್ರೂಕ್ಸ್ ಇಳಿದರು, ಮಾಸ್ ಹತ್ತಿ ಒಂಬತ್ತನೇ ಸ್ಥಾನದಿಂದ ಮೇಲೆ ಬಂದು ಗೆದ್ದರು. ವಿಶ್ವ ಚಾಂಪಿಯನ್‌ಷಿಪ್ ರೇಸೊಂದನ್ನು ಬ್ರಿಟಿಷ್ ಕಾರು ಗೆದ್ದದ್ದು ಅದೇ ಮೊದಲು. ಗೆದ್ದವರು ಇಬ್ಬರು ಅಂತ ಬರೆದಿದೆ. ಮರುವರ್ಷದಿಂದ ಕಾರು ಹಂಚಿಕೊಂಡರೆ ಅಂಕ ಇಲ್ಲ ಅಂತ ನಿಯಮ ಬಂತು. ಒಂದು ಕಾರಿಗೆ ಒಬ್ಬನೇ. ಲೆಕ್ಕ ಇಡುವವರಿಗೆ ಸುಲಭವಾಯಿತು.

ಮೂರೂ ಕಡೆ ನಡೆದದ್ದು ಒಂದೇ: ಒಬ್ಬ ಇಳಿದ, ಇನ್ನೊಬ್ಬ ಹತ್ತಿದ. ಅಂಕ ಹಂಚಿದ್ದೂ ಅದೇ ರೀತಿ. ಕಾಲಿನ್ಸ್ ಕೊಟ್ಟರು. ಬ್ರೂಕ್ಸ್ ಜೊತೆ ಮೊದಲೇ ಮಾತಾಡಿದ್ದರು. ಫಾಜಿಯೋಲಿಯಿಂದ ಕಿತ್ತುಕೊಂಡರು. ಆಮೇಲೆ ಎಷ್ಟು ನ್ಯಾಯವಾಗಿ ಪಾಲು ಮಾಡಿದರೂ ಕಿತ್ತುಕೊಂಡ ವಸ್ತುವಿನ ಪಾಲು ಅದು. ಪಾಲು ಸರಿಯಾಗಿದೆಯಾ ಅನ್ನುವುದು ಒಂದು ಪ್ರಶ್ನೆ, ಕೇಳಿದರಾ ಅನ್ನುವುದು ಬೇರೆಯದೇ ಪ್ರಶ್ನೆ. ಮೊದಲನೆಯದಕ್ಕೆ ಉತ್ತರ ಕೊಟ್ಟರೆ ಎರಡನೆಯದು ತೀರುವುದಿಲ್ಲ.

ಈಗ ಫಾರ್ಮಿನ ವಿಷಯ. ನಮ್ಮ ತಂಡದಲ್ಲಿ ಗದಗ ಕಡೆಯ ಹುಡುಗಿಯೊಬ್ಬಳಿದ್ದಾಳೆ. ಹಣ ಪಾವತಿಯ ಹಳೇ ವ್ಯವಸ್ಥೆಯನ್ನು ಹೊಸದಕ್ಕೆ ಸಾಗಿಸುವ ಕೆಲಸ ಏಳು ತಿಂಗಳು ಅವಳ ತಲೆ ಮೇಲಿತ್ತು. ಎಲ್ಲಿ ತಿರುವು, ಎಲ್ಲಿ ಗುಂಡಿ, ಯಾವ ಟೇಬಲ್ಲಿನಲ್ಲಿ ಹತ್ತು ವರ್ಷದ ಹಿಂದಿನ ಯಾರೋ ಪುಣ್ಯಾತ್ಮ ತಾರೀಖನ್ನು ತಿರುಗಮುರುಗ ಬರೆದಿಟ್ಟಿದ್ದಾನೆ ಅನ್ನುವುದೆಲ್ಲ ಅವಳು ಬರೆದಿಟ್ಟ ನೂರಾರು ಪುಟದ ಟಿಪ್ಪಣಿಯಲ್ಲಿತ್ತು. ಕಟ್‌ಓವರಿಗೆ ಮೂರು ವಾರ ಇರುವಾಗ, ಒಂದು ಶುಕ್ರವಾರ, ಮೇಲಿನವರ ಮೀಟಿಂಗಿನಲ್ಲಿ ಕೆಲಸವನ್ನು ಬೇರೊಬ್ಬ ಸೀನಿಯರಿಗೆ ವಹಿಸುವುದೆಂದು ತೀರ್ಮಾನವಾಯಿತು. ಸಂಜೆ ನಮಗೆಲ್ಲ ಮೇಲ್ ಬಂತು. ಆ ಸೀನಿಯರ್ ನಿಜವಾಗಿಯೂ ಜಾಣ, ಅದರಲ್ಲಿ ಎರಡು ಮಾತಿಲ್ಲ. ರಾತ್ರಿ ಎರಡು ಗಂಟೆಗೆ ಸರ್ವರ್ ಮಲಗಿದರೆ ಕೈ ನಡುಗದವನು. ಕಟ್‌ಓವರ್ ಸಲೀಸಾಗಿ ಆಯಿತು. ಆ ರಾತ್ರಿ ಅವನು ಅವಳ ಟಿಪ್ಪಣಿಯನ್ನೇ ಪಕ್ಕದ ಮಾನಿಟರಿನಲ್ಲಿ ತೆರೆದಿಟ್ಟುಕೊಂಡು ಓದುತ್ತಾ ಹೋಗುತ್ತಿದ್ದ. ಎಡ ಮೂರು, ಐವತ್ತು, ದಿಬ್ಬ.

ಈಗ ವರ್ಷದ ಫಾರ್ಮು ನನ್ನ ಮುಂದಿದೆ. ಈ ಕೆಲಸದ ಯಶಸ್ಸಿಗೆ ಕಾರಣರಾದ ಸದಸ್ಯ ಯಾರು? ಡ್ರಾಪ್‌ಡೌನ್. ಒಂದೇ ಹೆಸರು ಆರಿಸಲು ಬರುತ್ತದೆ. ಎರಡು ಹೆಸರು ಆರಿಸುವ ಹಾಗೆ ಮಾಡುವುದು ಅರ್ಧ ದಿನದ ಕೋಡಿಂಗ್, ನನಗೆ ಕೊಟ್ಟರೆ ಮಧ್ಯಾಹ್ನದ ಊಟದೊಳಗೆ ಮಾಡಿಕೊಡ್ತೇನೆ. ಆದರೆ ಅದು ಕೋಡಿಂಗ್ ಸಮಸ್ಯೆ ಅಲ್ಲ. ಆ ಹೆಸರಿನ ಹಿಂದೆ ಈ ವರ್ಷದ ಬಡ್ತಿ ಇದೆ. ಅವಳಿಗೆ ಊರಲ್ಲಿ ಮನೆ ಸಾಲದ ಕಂತಿದೆ, ಅದೂ ನನಗೆ ಗೊತ್ತು.

ಮೇಲಿನವರ ಹತ್ತಿರ ಮಾತಾಡಿದೆ. "ಯಾರು ಮಾಡಿದ್ರೇನು, ಟೀಮ್ ಗೆದ್ದಿತಲ್ಲಾ" ಅಂದರು. ಒಳ್ಳೇ ಮಾತು. ಒಪ್ಪಿದೆ. ಹಾಗಾದರೆ ಫಾರ್ಮಿನಲ್ಲಿ ಟೀಮಿನ ಹೆಸರು ಬರೆಯಲು ಜಾಗ ಕೊಡಿ ಅಂದೆ. "ರೇಟಿಂಗ್ ವೈಯಕ್ತಿಕ ಅಲ್ವಾ ಮಾರಾಯಾ" ಅಂದರು. ಇಲ್ಲೇ ನನಗೆ ಒಪ್ಪಿಗೆ ಇಲ್ಲದಿರುವುದು. ಕಾರು ಕಿತ್ತುಕೊಳ್ಳುವಾಗ ತಂಡದ ಹೆಸರು, ಬಹುಮಾನ ಕೊಡುವಾಗ ಒಬ್ಬನ ಹೆಸರು. ಎರಡರಲ್ಲಿ ಒಂದು ಹಿಡಿದುಕೊಳ್ಳಿ. ತಂಡವೇ ಎಲ್ಲ ಅನ್ನುವುದಾದರೆ ಕೊನೆ ತನಕ ತಂಡ ಅನ್ನಿ, ಕೆಲಸ ಯಾರ ಕೈಗೆ ಕೊಟ್ಟರೂ ಯಾರಿಗೂ ಬೇಜಾರಾಗಲಿಕ್ಕಿಲ್ಲ. ವ್ಯಕ್ತಿಯೇ ಎಲ್ಲ ಅನ್ನುವುದಾದರೆ ಅವಳ ಕೈಯಿಂದ ತೆಗೆಯುವ ಮೊದಲು ವ್ಯಕ್ತಿ ಅಂತ ತಿಳಿದು ಮಾತಾಡಿಸಿ. ಆಲ್ಫಾ ರೋಮಿಯೊದವರು ಕೂಡ ಕಿತ್ತುಕೊಂಡ ಮೇಲೆ ಅರ್ಧ ಅಂಕ ಕೊಟ್ಟಿದ್ದರು ಮಾರಾಯ್ರೆ.

ಅವಳ ಹತ್ತಿರವೂ ಕೇಳಿದೆ. ಕ್ಯಾಂಟೀನಿನಲ್ಲಿ, ಚಹಾ ಹಿಡಿದುಕೊಂಡು.

"ಬಡ್ತಿ ಬಂದ್ರ ಬ್ಯಾಡ ಅನ್ನಂಗಿಲ್ರಿ" ಅಂದಳು. "ಆದ್ರ ಸರ್, ಆ ಶುಕ್ರವಾರ ನನ್ನೂ ಒಳಗ ಕರೀಬೇಕಿತ್ತು. ಕರೆದಿದ್ರ ನಾನ ಹೇಳ್ತಿದ್ದೆ, ರಾತ್ರಿ ಕಟ್‌ಓವರ್ ಅವರೇ ಮಾಡ್ಲಿ, ನಾ ಪಕ್ಕದಾಗ ಕೂತು ಓದ್ತೀನಿ ಅಂತ."

ಫಾಜಿಯೋಲಿಯ ಸಿಟ್ಟು ನನಗೆ ಅರ್ಥವಾಗಿದ್ದು ಅಲ್ಲಿ, ಕ್ಯಾಂಟೀನಿನ ಆ ಸ್ಟೀಲ್ ಟೇಬಲ್ಲಿನ ಎದುರು. ಕೇಳಿದ್ದರೆ ಅವಳು ಕಾಲಿನ್ಸ್ ಆಗಲು ತಯಾರಿದ್ದಳು. ಕೊಡುವವಳಾಗುವ ಅವಕಾಶವನ್ನೂ ಅವಳಿಂದ ತೆಗೆದರು. ಕಿತ್ತುಕೊಂಡವನಿಗೆ ಕೆಲಸ ಸಿಕ್ಕಿತು, ಕೊಡಬಹುದಾಗಿದ್ದವಳಿಗೆ ಕೊಟ್ಟೆ ಅನ್ನುವುದೂ ಉಳಿಯಲಿಲ್ಲ.

ಸೀನಿಯರ್ ಹುಡುಗನನ್ನೂ ಮಾತಾಡಿಸಿದೆ. ಅವನು ಒಳ್ಳೆಯವನೇ. "ಫಾರ್ಮಲ್ಲಿ ಯಾರ ಹೆಸರು ಬಂದ್ರೂ ನಂಗೇನಿಲ್ಲ ಬಾಸ್. ಆದ್ರೆ ಅವಳು ನನ್ನ ಹತ್ರ ಮಾತು ಬಿಟ್ಟಿದ್ದಾಳೆ, ಅದು ಕಿರಿಕಿರಿ" ಅಂದ. ಅವಳು ಒಪ್ಪಿದ್ದಾಳೆ ಅಂತ ಅವನಿಗೆ ಹೇಳಿದ್ದರಂತೆ. ಅಂದರೆ ಹತ್ತಿದವನನ್ನೂ ಯಾರೂ ಸರಿಯಾಗಿ ಕೇಳಿರಲಿಲ್ಲ. ರೀಮ್ಸ್‌ನಲ್ಲಿ ಅವತ್ತು ಫ್ಯಾಂಜಿಯೊಗೆ ಏನನ್ನಿಸಿತೋ ಅಂತ ಆಗ ಮೊದಲ ಸಲ ಯೋಚಿಸಿದೆ. ನಾನು ಅಲ್ಲಿಯ ತನಕ ಇಳಿದವನ ಕಡೆಯಿಂದ ಮಾತ್ರ ನೋಡುತ್ತಿದ್ದೆ. ನಮ್ಮ ಹುಡುಗ ಉತ್ತರಕುಮಾರನ ಜಾಗದಲ್ಲಿದ್ದಾನೆ. ಊರೆಲ್ಲ ಹೊಗಳುತ್ತಿದೆ, ಪಕ್ಕದ ಮಾನಿಟರಿನಲ್ಲಿ ಏನಿತ್ತು ಅಂತ ಅವನಿಗೆ ಗೊತ್ತು. ಮರುದಿನ ಅವನೇ ಎಲ್ಲರಿಗೂ ಒಂದು ಮೇಲ್ ಹಾಕಿದ, ಟಿಪ್ಪಣಿ ಯಾರದು, ಅದಿಲ್ಲದಿದ್ದರೆ ಎಲ್ಲೆಲ್ಲಿ ಮುಗ್ಗರಿಸುತ್ತಿದ್ದೆ ಅಂತ ಆರು ಸಾಲು. ಮೇಲಿನವರಲ್ಲಿ ಒಬ್ಬರು ಅದಕ್ಕೆ ಹೆಬ್ಬೆರಳಿನ ಇಮೋಜಿ ಹಾಕಿದರು. ಅವಳು ಏನೂ ಹಾಕಲಿಲ್ಲ, ಆದರೆ ಮಧ್ಯಾಹ್ನ ಅವನು ಕೇಳಿದ ಯಾವುದೋ ಪ್ರಶ್ನೆಗೆ ಎದ್ದು ಹೋಗಿ ಅವನ ಟೇಬಲ್ಲಿನಲ್ಲೇ ಉತ್ತರ ಹೇಳಿ ಬಂದಳು.

ಫಾರ್ಮಿನಲ್ಲಿ ನಾನು ಅವಳ ಹೆಸರು ಆರಿಸಿ ಕಳಿಸಿದೆ. ಕೆಳಗಿನ ಖಾಲಿ ಜಾಗದಲ್ಲಿ, ಐನೂರು ಅಕ್ಷರದ ಮಿತಿಯಲ್ಲಿ, ಯಾವ ವಾರದಿಂದ ಯಾವ ವಾರದ ತನಕ ಯಾರು ಏನು ಮಾಡಿದರು ಅಂತ ಇಬ್ಬರ ಹೆಸರೂ ಬರೆದೆ. ಎರಡು ದಿನಕ್ಕೆ ವಾಪಸು ಬಂತು: ಕಟ್‌ಓವರ್ ಮಾಡಿದವರ ಹೆಸರು ಹೊಂದುತ್ತಿಲ್ಲ, ದಯವಿಟ್ಟು ಸರಿಪಡಿಸಿ. ಮತ್ತೆ ಹಾಗೇ ಕಳಿಸಿದೆ, ಮತ್ತೆ ವಾಪಸು ಬಂದಿದೆ. ಸೋಮವಾರ ಕೊನೆಯ ದಿನ. ಅದೇ ಹೆಸರಿಟ್ಟು ಮೂರನೇ ಸಲ ಕಳಿಸುವವನಿದ್ದೇನೆ.